ಕಿಟಕಿ ಕಡೆಯ ಮೇಜು

ಮುದ್ದೇಬಿಹಾಳ, ೧೬ ಜನವರಿ ೧೯೭೮

ಹೋದ ವರ್ಷದ ವಕೀಲರ ಡೈರಿಯನ್ನು ಇವರು ರದ್ದಿಗೆ ಹಾಕಲು ಎತ್ತಿಟ್ಟಿದ್ದರು. ಅರ್ಧಕ್ಕಿಂತ ಹೆಚ್ಚು ಪುಟ ಖಾಲಿ. ಹೋದ ವರ್ಷ ಎಷ್ಟು ಕೇಸು ಬಂದವು ಎಂದು ಇನ್ನಾರೂ ನನಗೆ ಹೇಳಬೇಕಾಗಿಲ್ಲ. ನಾನದನ್ನು ಬೇಳೆ ಡಬ್ಬಿಯ ಹಿಂದೆ ಇಟ್ಟುಕೊಂಡಿದ್ದೇನೆ. ಅಚ್ಚಾದ ತಾರೀಖು ಹೊಡೆದುಹಾಕಿ ನನ್ನದು ಬರೆದುಕೊಳ್ಳುತ್ತೇನೆ. ಅತ್ತೆಗೆ ಓದು ಬಾರದು, ಇವರಿಗೆ ನನ್ನ ಅಕ್ಷರ ಓದುವ ಪುರುಸೊತ್ತಿಲ್ಲ.

ಸಂಕ್ರಾಂತಿ ಮುಗಿದದ್ದೇ ಇವರು ಹಿರಿಯ ವಕೀಲರನ್ನು ಬಿಟ್ಟು ಬಂದರು. ಅವರ ಕೈಕೆಳಗೆ ಫೈಲು ಹೊತ್ತದ್ದು ಸಾಕು, ಇನ್ನು ಸ್ವಂತ ಆಫೀಸು ಎಂದು ಊಟಕ್ಕೆ ಕೂತಾಗ ಹೇಳಿದರು.

“ಅವರದೇನ್ ಆಫೀಸು? ಹಗೇವು ಅದು. ಕಾಳು ತುಂಬಾಕ ಚಲೋ. ಒಳಗ ಕುಂತವರ ಮಾರಿ ಒಬ್ಬರದೊಬ್ಬರಿಗೆ ಕಾಣಂಗಿಲ್ಲ. ಹುಬ್ಬಳ್ಳ್ಯಾಗ ನೋಡಬೇಕು, ಮುಂದ ಗಾಜು, ಒಳಗ ಬೆಳ್ಳಗ ಬೆಳಕು. ನಮ್ಮ ಮನಿ ಮುಂದಿನ ಎರಡು ಅಂಕಣ ಹಂಗ ಮಾಡೂಣು. ಆದ್ರ ಖರ್ಚು ಆಗಬಾರದು.”

“ಖರ್ಚಿಲ್ಲದ ಗಾಜು ಯಾರ ಕೊಡ್ತಾರಪ್ಪಾ?” ಎಂದು ಅತ್ತೆ ಕೇಳಿದರು.

ನಾನು ಮಾಡಿಕೊಡುತ್ತೇನೆ ಎಂದೆ. ಬಾಯಿಂದ ಬಂದೇಬಿಟ್ಟಿತು. ನಮ್ಮಪ್ಪ ಸಿಂದಗಿಯಲ್ಲಿ ಡ್ರಾಯಿಂಗ್ ಮಾಸ್ತರು. ನಕಾಶೆ ಹಾಕುವುದನ್ನು ಅಡುಗೆಗಿಂತ ಮೊದಲು ಕಲಿತೆ. ಟೈಪಿಂಗ್ ಪರೀಕ್ಷೆಯನ್ನೂ ಪಾಸು ಮಾಡಿದ್ದೇನೆ. ಈ ಮನೆಗೆ ಬಂದ ಮೇಲೆ ಆ ವಿದ್ಯೆಗೆಲ್ಲ ಸಿಕ್ಕ ಕೆಲಸ ಬಾಗಿಲ ಮುಂದಿನ ರಂಗೋಲಿ.

ಇವರು ರೊಟ್ಟಿ ಮುರಿಯುತ್ತಿದ್ದವರು ನನ್ನ ಮುಖ ನೋಡಿದರು. “ಹಂಗಾದ್ರ ಎರಡು ಮೇಜು ಹಾಕು, ಶೇವಂತಿ. ಒಂದು ನನಗ, ಒಂದು ನಿನಗ. ಕಿಡಕಿ ಕಡೀದು ನಿಂದು. ಟೈಪ್ ಮಾಡಾಕ ಬೆಳಕು ಬೇಕಲ್ಲ.”

ಎರಡು ಮೇಜು. ಇದನ್ನು ಬರೆದಿಡಲಿಕ್ಕೆಂದೇ ಡೈರಿ ಶುರು ಮಾಡಿದೆ.

೨೯ ಜನವರಿ

ಎತ್ತು ಮಾರಿದ ಮೇಲೆ ಮುಂದಿನ ಎರಡು ಅಂಕಣ ಹಾಗೇ ಬಿದ್ದಿದ್ದವು. ಗೋದಲಿ, ಗೂಟ, ಮೂರು ತಲೆಮಾರಿನ ಸಗಣಿ ವಾಸನೆ. ಬಡಗಿ ಗೈಬುಸಾಬನನ್ನು ಕರೆಸಿ ಅಳತೆ ಹಿಡಿದೆವು. ನಾನು ಟೇಪು ಹಿಡಿದದ್ದನ್ನು ನೋಡಿ ಎದುರಿನ ಚಹಾದಂಗಡಿಯವರು ಗಿರಾಕಿಗಳಿಗೆ ಚಹಾ ಕೊಡುವುದನ್ನೇ ಮರೆತರು.

ಹೊಸದು ಏನನ್ನೂ ಕೊಳ್ಳಬಾರದು, ಮನೆಯಲ್ಲಿ ಇರುವುದರ ಜಾಗ ಬದಲಿಸಬೇಕು. ಇದು ನನ್ನ ಲೆಕ್ಕ. ಕಾಳಿನ ಕೋಣೆಯ ಸಾಗವಾನಿ ಬಾಗಿಲು ಇಳಿಸಿದರೆ ಎರಡು ಮೇಜಿನ ಹಲಗೆ ಆಗುತ್ತದೆ. ಗೋಡೆಗೆ ಸುಣ್ಣ, ಅದರಲ್ಲಿ ಚಿಟಿಕೆ ನೀಲಿ. ಕೂತವರ ತಲೆ ತಾಗುವ ಎತ್ತರದ ತನಕ ಹಳದಿ ಎಣ್ಣೆ ಬಣ್ಣ, ಇಲ್ಲವಾದರೆ ರುಮಾಲಿನ ಜಿಡ್ಡು ವರ್ಷದೊಳಗೆ ಗೋಡೆಯ ಮೇಲೆ ಸಾಲಾಗಿ ಮೂಡುತ್ತದೆ. ನಾಲ್ಕೂ ಮೂಲೆಗೆ ಹೂವಿನ ಕುಂಡ. ಮೂಲೆ ಖಾಲಿ ಇದ್ದರೆ ಎಲೆಯಡಿಕೆ ಹಾಕಿದವರಿಗೆ ಬಾಯಿ ಕಟ್ಟಿಕೊಳ್ಳಲು ಆಗುವುದಿಲ್ಲ.

“ಮೂಲ್ಯಾಗ ಕುಂಡ ಇಟ್ರ ಕುಂಡದಾಗ ಉಗಳ್ತಾರ್ರಿ” ಎಂದ ಗೈಬುಸಾಬ.

“ಮಣ್ಣಿಗೆ ಗೊಬ್ಬರ ಆಕ್ಕೈತಿ ಬಿಡ್ರಿ” ಎಂದೆ. ನಕ್ಕ. ಬಹಳ ದಿನದ ಮೇಲೆ ನಾನೂ ನಕ್ಕೆ.

೧೨ ಫೆಬ್ರವರಿ

ಮಾಳಿಗೆ ತಗ್ಗು, ಗೋಡೆ ಒಂದು ಮೊಳ ದಪ್ಪ. ಎಷ್ಟು ಸುಣ್ಣ ಬಳಿದರೂ ಒಳಗಿನ ಅಂಕಣಕ್ಕೆ ಬೆಳಕು ಬರುತ್ತಿರಲಿಲ್ಲ. ಮೇಲಿಂದಲೇ ತರಬೇಕು. ಮಾಳಿಗೆಗೆ ಬೆಳಕಿಂಡಿ ಕೊರೆಯಬಹುದು, ಗಾಜಿಗೇನು ಮಾಡುವುದು ಎಂದು ಗೈಬುಸಾಬ ಕೇಳಿದ. ಅಡುಗೆಮನೆಯ ಬೆಳಕಿಂಡಿಯ ಗಾಜು ಕೂಡುತ್ತದೆ ಎಂದು ನಾನೇ ಹೇಳಿದೆ. ಅಳತೆಯೂ ಸರಿ ಹೋಯಿತು.

ಅಡುಗೆಮನೆಯ ಕಿಂಡಿಗೆ ತಗಡು ಮುಚ್ಚಿದೆವು. ಹಗಲು ಹೊತ್ತು ಒಲೆಯ ಉರಿಯಲ್ಲಿ ಕಾಣುತ್ತದೆ, ಸಾಲದಿದ್ದರೆ ಚಿಮಣಿ ದೀಪ ಇದೆ. ಹೇಗೂ ನಾನು ಕಿಟಕಿ ಕಡೆಯ ಮೇಜಿನಲ್ಲೇ ಇರುವವಳು.

೫ ಮಾರ್ಚ್

ನನ್ನ ಮದುವೆಯಲ್ಲಿ ಅಪ್ಪ ಕೊಟ್ಟ ಕಪಾಟಿನ ಕನ್ನಡಿ ಇವತ್ತು ಆಫೀಸಿನ ಗೋಡೆ ಸೇರಿತು. ಕಿಟಕಿಗೆ ಎದುರಾಗಿ, ತುಸು ವಾಲಿಸಿ ಇಡಿಸಿದೆ. ಬಂದ ಬೆಳಕು ಅಲ್ಲಿ ಬಿದ್ದು ಹೊರಳಿ ಇಡೀ ಕೋಣೆಗೆ ಹರಡಿತು. ಇದ್ದಕ್ಕಿದ್ದಂತೆ ಎರಡು ಅಂಕಣ ನಾಲ್ಕು ಅಂಕಣವಾದಂತೆ ಕಂಡಿತು. ಇವರು ಬಾಯಿ ತೆರೆದು ನಿಂತರು. ಆಮೇಲೆ ಕನ್ನಡಿಯಲ್ಲಿ ಕ್ರಾಪು ಸರಿಮಾಡಿಕೊಂಡರು.

ಬಳೆಗಾರ್ತಿ ಜೋಹರಾಬಿ ಹಿತ್ತಲ ಬಾಗಿಲಿಂದ ಬಂದಳು. ಸುತ್ತಲಿನ ಹಳ್ಳಿಯ ಹೆಂಗಸರ ಕೈಯೆಲ್ಲ ಅವಳಿಗೆ ಗೊತ್ತು. ಅಡುಗೆಮನೆಯ ಕತ್ತಲಲ್ಲಿ ಎಡವಿ ಬೈದುಕೊಂಡೇ ಕೂತಳು.

“ಇದೇನ್ರೆವ್ವಾ, ಹಗಲಾಗ ಅಮಾಸಿ ಮಾಡಿ ಕುಂತೀರಿ?”

“ಬೆಳಕು ಮುಂದ ಹೋಗೇತಿ, ಜೋಹರಾಬಿ.”

“ಹೋಗ್ಲಿ ಬಿಡ್ರಿ. ಕೈ ಅಳತಿ ನನ್ನ ಬೆರಳಿಗೆ ಗೊತ್ತೈತಿ” ಎಂದು ಕಣ್ಣು ಮುಚ್ಚಿಕೊಂಡೇ ಬಳೆ ಏರಿಸಿದಳು. ಒಂದೂ ಒಡೆಯಲಿಲ್ಲ. ಹಳೆ ಕನ್ನಡಿಯ ಜಾಗದಲ್ಲಿ ಕಪಾಟಿಗೆ ರಟ್ಟು ಹೊಡೆದಿದ್ದೇವೆ. ಬೈತಲೆ ಈಗ ಅಂದಾಜಿನ ಮೇಲೆ ತೆಗೆಯುತ್ತೇನೆ.

೯ ಏಪ್ರಿಲ್

ಯುಗಾದಿಯ ಹಿಂದಿನ ದಿನ ಗಾಜು ಬಂತು. ವಿಜಾಪುರದಲ್ಲಿ ಒಂದು ಸೀರೆ ಅಂಗಡಿ ಮುರಿದು ಕಟ್ಟುತ್ತಿದ್ದರು, ಅದರ ಮುಂದಿನ ಗಾಜು ಅಗ್ಗಕ್ಕೆ ಸಿಕ್ಕಿತು. ಜೋಳದ ಕಣಿಕೆಯಲ್ಲಿ ಸುತ್ತಿ ಲಾರಿಯಲ್ಲಿ ತಂದರು. ಬೀದಿ ಗೋಡೆ ಒಡೆದು ನಿಲ್ಲಿಸಿದಾಗ ಅರ್ಧ ಊರು ಬಂದು ನಿಂತಿತ್ತು. ನೆಲಕ್ಕೆ ತಾಳಿಕೋಟೆಯ ಫರಸಿ ಕಲ್ಲು ಹಾಸಿ ಆಗಿತ್ತು. ಮುಚ್ಚಿಹೋದ ಖಾನಾವಳಿಯ ಕಬ್ಬಿಣದ ಕುರ್ಚಿಗಳಿಗೆ ನಾನೇ ಹಳದಿ ಬಣ್ಣ ಹಚ್ಚಿದ್ದೇನೆ. ಗೈಬುಸಾಬನ ಕೈಗಿಂತ ನನ್ನ ಕೈ ನುಣುಪು ಎಂದು ಅವನೇ ಒಪ್ಪಿದ.

ಒಂದು ಮಾತು. ವಕೀಲರ ಮೇಜು ಅಗಲ ಇರಬೇಕಂತೆ, ಅಗಲ ಇದ್ದಷ್ಟೂ ಎದುರು ಕೂತವನಿಗೆ ಭಯವಂತೆ. ಬಾಗಿಲ ಹಲಗೆಯಲ್ಲಿ ದೊಡ್ಡ ಪಾಲು ಇವರ ಮೇಜಿಗೆ ಹೋಯಿತು. ಉಳಿದದ್ದರಲ್ಲಿ ನನ್ನದು. ಟೈಪ್‌ರೈಟರು ಕೂತರೆ ಕಾಗದ ಇಡಲು ಜಾಗ ಇಲ್ಲ, ಕಾಗದ ತೊಡೆಯ ಮೇಲೆ ಇಟ್ಟುಕೊಳ್ಳಬಹುದು.

ಮೇಜು ಸಣ್ಣದಾದರೂ ಜಾಗ ಅದೇ, ಕಿಟಕಿ ಕಡೆ.

೧೦ ಮೇ

ಬಸವ ಜಯಂತಿ. ಉದ್ಘಾಟನೆ ಆಯಿತು.

ನಾನು ನೋಡಲಿಲ್ಲ. ಬೆಳಗಿನಿಂದ ಕತ್ತಲ ಅಡುಗೆಮನೆಯಲ್ಲಿ ಬಜ್ಜಿ ಕರಿದೆ. ಅಷ್ಟೂ ಮಂದಿಯ ಮಾತು ಗೋಡೆಯಾಚೆಯಿಂದ ಕೇಳುತ್ತಿತ್ತು. ‘ಏನ್ ಬೆಳಕಪ್ಪಾ’, ‘ಇಂಡಿ ಬಾಗೇವಾಡಿ ಎರಡೂ ಕಡೆ ಇಂಥಾ ಆಫೀಸಿಲ್ಲ’, ‘ಗುರಣ್ಣ ವಕೀಲರ ತಲಿ ಅಂದ್ರ ತಲಿ.’ ಇವರು ಏನೆನ್ನುತ್ತಾರೋ ಎಂದು ಬಜ್ಜಿ ಎತ್ತುವ ಜಾರಿ ಹಿಡಿದು ಕೈ ತಡೆದು ನಿಂತೆ. “ಏನೋ, ಹುಬ್ಬಳ್ಳ್ಯಾಗ ನೋಡಿದ್ದೆ, ಮನಸಿನ್ಯಾಗಿತ್ತು, ಮಾಡಿದೆ” ಎಂದರು.

ಎಣ್ಣೆಯಲ್ಲಿದ್ದ ಬಜ್ಜಿ ಕರಕಾಯಿತು. ಕರಕಾದವನ್ನೂ ತಟ್ಟೆಗೆ ಹಾಕಿ ಕಳಿಸಿದೆ.

ಎಲ್ಲರೂ ಹೋದ ಮೇಲೆ ಒಳಗೆ ಹೋದೆ. ನನ್ನ ಮೇಜಿನ ಮೇಲೆ ತೆಂಗಿನಕಾಯಿ ಹೋಳು, ಹಾರ, ಬಾಳೆಹಣ್ಣಿನ ಸಿಪ್ಪೆ.

೧೧ ಮೇ

ಆಫೀಸು ಚೆನ್ನಾಗಿ ಬಂದಿದೆ. ಕಣ್ಣಲ್ಲಿ ಇನ್ನೂ ಹೊಗೆ.

೨೦ ಜೂನ್

ಬೇಸಿಗೆ ರಜೆ ಮುಗಿದು ಕೋರ್ಟು ತೆರೆದು ಎರಡು ವಾರ ದಾಟಿತು. ನೋಡಲಿಕ್ಕೆ ಬರುವವರು ಬಹಳ. ಫರಸಿ ತಟ್ಟಿ ನೋಡುತ್ತಾರೆ, ಕನ್ನಡಿಯಲ್ಲಿ ಮೀಸೆ ನೋಡಿಕೊಳ್ಳುತ್ತಾರೆ, ಹೋಗುತ್ತಾರೆ. ಕೇಸು ಹಿಡಿದು ಬಂದವರಿಲ್ಲ.

ಇವತ್ತು ಒಬ್ಬ ಬಂದ. ಬದುವಿನ ಜಗಳ. ಹಳದಿ ಕುರ್ಚಿಯಲ್ಲಿ ಕೂತು ಬಾಯಿ ತೆರೆದ, ಅಷ್ಟರಲ್ಲಿ ಗಾಜಿನಾಚೆ ಕಣ್ಣು ಹೋಯಿತು. ಎದುರು ಚಹಾದಂಗಡಿಯ ಬಾಕಿನ ಮೇಲೆ ಬದುವಿನ ಆಚೆ ಹೊಲದವನೇ ಕೂತು ಇವನನ್ನೇ ನೋಡುತ್ತಿದ್ದಾನೆ. ಇವನು ಎದ್ದ. “ಬರೇ ಫರಸಿ ನೋಡಾಕ ಬಂದಿದ್ದೆ ನೋಡ್ರಿ, ಸಾಹೇಬ್ರ. ತಾಳಿಕೋಟಿದೇನ್ರಿ ಇದು?” ಎಂದು ಎರಡು ಸಲ ಫರಸಿ ಮುಟ್ಟಿ ನಮಸ್ಕಾರ ಮಾಡಿ ಹೋದ. ಆಮೇಲೆ ಹಿರಿಯ ವಕೀಲರ ಸಂದಿಗೆ ತಿರುಗಿದ್ದನ್ನು ಅತ್ತೆ ಮಾಳಿಗೆಯಿಂದ ನೋಡಿದರು.

ಆಗ ನನಗೆ ತಿಳಿಯಿತು. ನಮ್ಮ ಕಡೆ ಜಗಳ ಬೀದಿಯಲ್ಲಿ ಆಗುತ್ತದೆ, ಕೇಸು ಮಾತ್ರ ಗುಟ್ಟಿನಲ್ಲಿ ಹಾಕುತ್ತಾರೆ. ಸಮನ್ಸು ಮನೆಗೆ ಬರುವ ತನಕ ಎದುರಾಳಿಗೆ ಸುದ್ದಿ ಹತ್ತಬಾರದು. ಯಾವ ವಕೀಲರು ಎಂದು ಹೆಂಡತಿಗೂ ಹೇಳುವುದಿಲ್ಲ. ಅಂಥವರನ್ನು ನಾನು ಬಜಾರಿನ ನಡುವೆ ಗಾಜಿನ ಹಿಂದೆ ಕೂಡಿಸಿ, ಸಾಲದ್ದಕ್ಕೆ ಕನ್ನಡಿ ಇಟ್ಟು ಬೆನ್ನು ಕಡೆಯಿಂದಲೂ ಮುಖ ಕಾಣುವಂತೆ ಮಾಡಿದ್ದೇನೆ. ಈ ಊರಲ್ಲಿ ಹುಟ್ಟಿ ಬೆಳೆಯದಿದ್ದರೂ ಸಿಂದಗಿಯೇನು ಬೇರೆ ದೇಶವೇ? ನನಗೆ ಹೊಳೆಯಬೇಕಿತ್ತು. ಮೇಜಿನ ಆಸೆಗೆ ಬೇರೇನೂ ಹೊಳೆಯಲಿಲ್ಲ.

ಸಂಜೆ ಇವರಿಗೆ ಹೇಳಿದೆ. “ಗಾಜಿಗೆ ಒಂದು ಪರದೆ ಹಾಕೂಣ್ರಿ. ಬೆಳಕಿಗೆ ಮಂದಿ ಹೆದರಾಕತ್ತಾರ.”

“ಹೆದರಾಕ ಅವರೇನ್ ಗೂಗಿ ಏನು? ಗಾಜು ಹಾಕಿ ಪರದೆ ಹಾಕು ಅಂತಿ. ಆ ಹಳದಿ ಬಣ್ಣ ಹಚ್ಚಬ್ಯಾಡ ಅಂದಿದ್ದೆ ನಾ. ಅದ್ಕ ಹಿಂಗಾತು.”

ಹಳದಿ ಬೇಡ ಎಂದು ಯಾವತ್ತೂ ಹೇಳಿರಲಿಲ್ಲ. ಆಫೀಸು ಹೊಗಳಿಸಿಕೊಂಡಾಗ ಇವರದು, ಸೋತಾಗ ನನ್ನದು.

೨ ಜುಲೈ

ಇವರ ಚಿಕ್ಕಪ್ಪನ ಮಗ ಸೋಮನಿಂಗ ಇನ್ನು ಮೇಲೆ ಆಫೀಸಿನ ಕಾರಕೂನ. ನಾಲ್ಕು ಹಳ್ಳಿ ಓಡಾಡಿ ಗಿರಾಕಿ ಹಿಡಿದು ತರುತ್ತಾನಂತೆ. ಅವನನ್ನು ಎಲ್ಲಿ ಕೂಡಿಸುವುದು? ಕಿಟಕಿ ಕಡೆಯ ಮೇಜಿನಲ್ಲಿ.

“ಸದ್ಯಕ್ಕ ಅಷ್ಟ” ಎಂದರು ಇವರು.

ಬಾಡಿಗೆಗೆ ತಂದ ಟೈಪ್‌ರೈಟರು ಅವನ ಮುಂದಿದೆ. ಒಂದು ಬೆರಳಿನಿಂದ ಟಕ್, ಬಹಳ ಹೊತ್ತಿನ ಮೇಲೆ ಇನ್ನೊಂದು ಟಕ್. ನಾನು ಹಿಟ್ಟು ನಾದುತ್ತ ಕೇಳುತ್ತೇನೆ. ಹೊಟ್ಟೆ ಉರಿಯುತ್ತದೆ. ಇದನ್ನು ಬರೆಯಲು ನಾಚಿಕೆಯಿಲ್ಲ.

೩ ಜುಲೈ

ಟಕ್.

೯ ಆಗಸ್ಟ್

ಪಂಚಮಿ ಹಬ್ಬ. ಹಿತ್ತಲ ಬಾಗಿಲಲ್ಲಿ ಒಬ್ಬಳು ನಿಂತು ಜೋಕಾಲಿಗೆ ಹಗ್ಗ ಇದೆಯೇ ಎಂದು ಕೇಳಿದಳು. ಗುಂಡವ್ವ ಎಂದು ಹೆಸರು, ಮೂರು ಹರಿದಾರಿ ಆಚೆಯ ಹಳ್ಳಿಯವಳು. ಜೋಕಾಲಿ ಆಡುವ ಮುಖ ಅಲ್ಲ ಅದು. ಒಳಗೆ ಕರೆದೆ. ಒಲೆಯ ಮುಂದೆ ಕೂತವಳು ಸುತ್ತ ನೋಡಿ, ಯಾರಿಗೂ ಮುಖ ಕಾಣುವುದಿಲ್ಲ ಎಂದು ಖಾತ್ರಿಯಾದ ಮೇಲೆ ಮಾತಾಡಿದಳು.

ಮೊದಲ ಗಂಡ ಸತ್ತ ಮೇಲೆ ಕುರಿ, ಹೊಲ ಇದ್ದ ಅಮೋಘಸಿದ್ಧನೆಂಬವನು ಅವಳನ್ನು ಉಡಿಕಿ ಮಾಡಿಕೊಂಡಿದ್ದ. ಉಡಿಕಿ ಮದುವೆಗೆ ಬಾಜಾಬಜಂತ್ರಿ ಎಲ್ಲಿ? ಮುಸ್ಸಂಜೆಯಲ್ಲಿ, ಒಳಕೋಣೆಯಲ್ಲಿ, ಹೊಸ ಸೀರೆ ಉಡಿಸಿ ಮುಗಿಸುತ್ತಾರೆ. ಮುತ್ತೈದೆಯರು ಎದುರು ಬರುವುದಿಲ್ಲ. ಆರು ವರ್ಷ ಅವನ ಕುರಿ ಕಾಯ್ದಳು. ಈಗ ಅವನು ಬೇರೊಬ್ಬಳನ್ನು ತಂದು, ಇವಳು ಹೆಂಡತಿಯೇ ಅಲ್ಲ, ಕೂಲಿಯವಳು ಎನ್ನುತ್ತಾನೆ.

“ಮುಂದಿನ ಬಾಗಲದಿಂದ ಬರಾಕ ನಾಚಿಕಿ ಆತ್ರಿ ಅಕ್ಕಾರ. ಕನ್ನಡ್ಯಾಗ ನಿಂತಂಗ ಆಕ್ಕೈತಿ. ನೀವ ಸಾಹೇಬರಿಗೆ ಹೇಳ್ರಿ. ನಾ ಕೂಲ್ಯಾಕಿ ಅಲ್ಲ, ಅಷ್ಟ ಕೋರ್ಟಿನ್ಯಾಗ ಅನಿಸ್ರಿ.”

ಇವರಿಗೆ ಊಟ ಬಡಿಸುತ್ತ ಎಲ್ಲ ಹೇಳಿದೆ. ಮದುವೆ ನೋಡಿದವರು ಇಬ್ಬರೇ, ಅವಳ ಸೋದರಮಾವ ಮತ್ತು ದೇವರ ಹಿಪ್ಪರಗಿಯ ಒಬ್ಬ ಮುದುಕ, ಎಂಬುದನ್ನೂ ಹೇಳಿದೆ. ಇವರು ತಟ್ಟೆ ಬಿಟ್ಟು ತಲೆ ಎತ್ತಿ ಕೇಳಿದರು. ಮದುವೆಯಾದಾಗಿನಿಂದ ನನ್ನ ಮಾತನ್ನು ಹೀಗೆ ಕೇಳಿದ್ದು ಇದೇ ಮೊದಲು.

೧೭ ಸೆಪ್ಟೆಂಬರ್

ಹೆಂಗಸರು ಬರತೊಡಗಿದ್ದಾರೆ. ಒಬ್ಬಳು ಹೆಪ್ಪಿಗೆ ಮಜ್ಜಿಗೆ ಕೇಳಿಕೊಂಡು, ಒಬ್ಬಳು ಕೆಂಡ ಕೇಳಿಕೊಂಡು. ತವರಿನ ಆಸ್ತಿ, ಗಂಡನ ಹೊಡೆತ, ಮೈದುನ ಕಸಿದ ಹೊಲ. ಕತ್ತಲಲ್ಲಿ ಕೂತು ಹೇಳುತ್ತಾರೆ. ಅತ್ತೆಯೂ ಒಮ್ಮೊಮ್ಮೆ ಬಾಗಿಲಲ್ಲಿ ಕೂತು ಕೇಳಿ, “ಹೊಡದವನ ಕೈ ಮುರೀಲಿ” ಎಂದು ಎದ್ದು ಹೋಗುತ್ತಾರೆ. ನಾನು ಬೇಕಾದ್ದು ಬೇಡಾದ್ದು ಬೇರೆ ಮಾಡಿ ಇವರಿಗೆ ಊಟದ ಜತೆ ಬಡಿಸುತ್ತೇನೆ. ಸೋಮನಿಂಗ ಟಕ್ ಟಕ್ ಮಾಡುತ್ತಾನೆ. ಕೇಸುಗಳಾಗುತ್ತಿವೆ.

ಆಫೀಸಿನ ಬೆಳಕಿಗೆ ಜನ ಸೋತರು ಎಂದು ಇವರು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಾರೆ.

ಇವತ್ತು ಮೇಜು ಕೇಳಿಯೇಬಿಟ್ಟೆ. ಸೋಮನಿಂಗನಿಗೆ ಬೇರೆ ಸ್ಟೂಲು ಕೊಡಿ, ಟೈಪು ನಾನು ಮಾಡುತ್ತೇನೆ, ಗಂಟೆಯ ಕೆಲಸ ಗಳಿಗೆಯಲ್ಲಿ ಮುಗಿಯುತ್ತದೆ ಎಂದೆ.

ಇವರಿಗೆ ಕೋಪ ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. ಸಣ್ಣ ಕೂಸಿಗೆ ಹೇಳಿದಂತೆ ಹೇಳಿದರು: “ಹುಚ್ಚಿ, ನೀ ಮುಂದ ಬಂದು ಕುಂತ್ರ ಹಿಂದ ಹೆಂಗಸರು ಯಾರ ಹಂತ್ಯಾಕ ಬರ್ತಾರ? ನಿನ್ನ ಆಫೀಸು ಅಡಿಗಿಮನಿನ. ನಡದೈತಿ, ನಡೀಲಿ.”

ಕೆಲಸ ಕೆಟ್ಟಿದ್ದಾಗ ಮೇಜು ಇಲ್ಲ, ಕೆಲಸ ಕುದುರಿದಾಗಲೂ ಮೇಜು ಇಲ್ಲ.

೧೪ ಅಕ್ಟೋಬರ್

ಗುಂಡವ್ವನ ಅರ್ಜಿ ಯಾಕೆ ಇನ್ನೂ ಹಾಕಿಲ್ಲ ಎಂದು ಕೇಳುತ್ತಲೇ ಇದ್ದೆ. ಇವತ್ತು ಗೊತ್ತಾಯಿತು. ಆಫೀಸಿಗೆ ಚಹಾ ಬೇಕು ಎಂದು ಸೋಮನಿಂಗ ಕೂಗಿದ. ಒಯ್ದು ಬಾಗಿಲ ಪರದೆಯಾಚೆ ಹಿಡಿದೆ. ಹಳದಿ ಕುರ್ಚಿಯಲ್ಲಿ ಕಂಬಳಿ ಹೊದ್ದ ದೊಡ್ಡ ಆಳು ಕೂತಿದ್ದ. ಗಾಜಿನ ಮುಂದೆ, ಬಜಾರಿನ ಎದುರಿಗೇ, ಕಾಲ ಮೇಲೆ ಕಾಲು ಹಾಕಿಕೊಂಡು. ಯಾರು ನೋಡಿದರೂ ಅವನಿಗೇನೂ ಇಲ್ಲ.

ಇವರು ಅವನಿಗೆ ಹೇಳುತ್ತಿದ್ದರು. “ಇಬ್ಬರ ಅದಾರ ನೋಡಿದವರು, ಅಮೋಘಸಿದ್ಧ. ಆಕಿ ಸ್ವಾದರಮಾವ ಒಬ್ಬ, ಹಿಪ್ಪರಗಿ ಮುದುಕ ಒಬ್ಬ. ಅವರ ಬಾಯಿ ಬಂದಾದ್ರ ಕೇಸಿಲ್ಲ.”

ಅವು ನನ್ನ ಮಾತು. ನಾನು ರೊಟ್ಟಿಯ ಜತೆ ಕೊಟ್ಟ ಮಾತು, ಹೆಚ್ಚು ಕಡಿಮೆ ಅದೇ ಕ್ರಮದಲ್ಲಿ.

ಅವನು ಹೋದ ಮೇಲೆ ಕೇಳಿದೆ. ಇವರು ಕನ್ನಡಿಯಲ್ಲಿ ನನ್ನನ್ನು ನೋಡಿಯೇ ಉತ್ತರ ಕೊಟ್ಟರು, ತಿರುಗಲಿಲ್ಲ. “ಆಕಿ ವಕಾಲತ್ತಿಗೆ ಸಹಿ ಮಾಡಿಲ್ಲ. ಕಾಯದೆ ಪ್ರಕಾರ ಆಕಿ ನನ್ನ ಪಕ್ಷಗಾರ್ತಿ ಅಲ್ಲ. ಕುರಿಯಂವ ಬಲವಾದ ಕುಳ. ನಿನಗ ಇದೆಲ್ಲಾ ತಿಳಿಯಂಗಿಲ್ಲ.”

ತಿಳಿಯಿತು. ಕತ್ತಲಲ್ಲಿ ನನ್ನ ಮುಂದೆ ಬಾಯಿ ಬಿಟ್ಟವಳನ್ನು ನಾನೇ ಒಯ್ದು ಬೆಳಕಿನಲ್ಲಿ ಮಾರಿದ ಹಾಗಾಯಿತು. ನನ್ನ ಮೇಲೆ ನನಗೆ ಹೇಸಿಗೆ. ಇವರ ಮೇಲಿನದಕ್ಕೆ ಹೆಸರು ಹುಡುಕುತ್ತ ಕೂತಿಲ್ಲ, ಸಾರಿಗೆ ಒಗ್ಗರಣೆ ಹಾಕಬೇಕಿತ್ತು.

೧ ನವೆಂಬರ್

ದೀಪಾವಳಿ. ಗುಂಡವ್ವ ಬಂದಳು. ಸೋದರಮಾವ ಎದುರು ಸಿಕ್ಕರೂ ಮಾತಾಡುವುದಿಲ್ಲವಂತೆ, ಹಿಪ್ಪರಗಿಯ ಮುದುಕ ತನಗೆ ಏನೂ ನೆನಪಿಲ್ಲ ಎನ್ನುತ್ತಾನಂತೆ. ನಾನು ತಲೆ ತಗ್ಗಿಸಿ ಒಲೆಗೆ ಕಟ್ಟಿಗೆ ಸರಿಸಿದೆ. ಆಮೇಲೆ ಹೇಳಿದೆ, ನಮ್ಮವರು ಅವನ ಕಡೆ ಸೇರಿದ್ದಾರೆ, ಈ ಮನೆಗೆ ಇನ್ನು ಬರಬೇಡ ಎಂದು. ಬೈಯುತ್ತಾಳೆ ಎಂದುಕೊಂಡಿದ್ದೆ. “ನೀವಾದ್ರೂ ಹೇಳಿದ್ರಲ್ರಿ” ಎಂದಳು. ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಅವಳು ಏಳುವಾಗ ಕೈಯ ಹಸಿರು ಬಳೆ ಸದ್ದು ಮಾಡಿದವು. ಒಮ್ಮೆ ಬಳೆ ಒಡೆಸಿಕೊಂಡವಳ ಕೈಗೆ ಮತ್ತೆ ಬಳೆ ಬರುವುದು ಉಡಿಕಿಯ ದಿನವೇ. ಆ ದಿನ ಬಳೆ ಇಟ್ಟವರು ಯಾರು ಎಂದು ಕೇಳಿದೆ.

“ಜೋಹರಾಬಿ” ಎಂದಳು.

ಹಬ್ಬದ ಬಳೆ ಮಾರಲು ಜೋಹರಾಬಿ ಇದೇ ಓಣಿಯಲ್ಲಿದ್ದಳು. ಕರೆಸಿದೆ. ಗುಂಡವ್ವನ ಕೈಯನ್ನು ಬೆರಳಿನಿಂದ ಹಿಸುಕಿ ನೋಡಿ, “ಇದಽ ಕೈ. ಅಮೋಘಸಿದ್ಧ ತಾನಽ ಬಂದು ಕರದಿದ್ದ. ಹೊಸ ಹೆಂತಿಗೆ ಹಸರಽ ಇಡು ಅಂದಿದ್ದ. ಎಲ್ಲಿ ಬೇಕಾದ್ರ ಹೇಳ್ತೇನಿ, ಸುಳ್ಳ ಯಾಕ ಆಡ್ಲಿ?” ಎಂದಳು.

ಬಾಗೇವಾಡಿಯಲ್ಲಿ ಬಸ್ ನಿಲ್ದಾಣದ ಹಿಂದಿನ ಸಂದಿಯಲ್ಲಿ ಒಬ್ಬ ವಯಸ್ಸಾದ ವಕೀಲರಿದ್ದಾರಂತೆ. ಜೋಹರಾಬಿಗೆ ಅವರ ಮನೆಯವರ ಕೈಯೂ ಗೊತ್ತು. ಆಫೀಸು ಹೇಗಿದೆ ಎಂದು ಕೇಳಿದೆ. “ಏನೂ ಕಾಣಂಗಿಲ್ರಿ, ನಮ್ಮ ನೆರಳಽ ನಮಗ ಕಾಣಂಗಿಲ್ಲ” ಎಂದಳು. ಅಲ್ಲಿಗೇ ಹೋಗು ಎಂದು ಗುಂಡವ್ವನನ್ನು ಬಸ್ಸಿಗೆ ಕಳಿಸಿದೆ.

ಊಟಕ್ಕೆ ಕೂತಾಗ ಇವರು ಇವತ್ತೇನು ಸುದ್ದಿ ಎಂದರು. ಹೋಳಿಗೆಗೆ ತುಪ್ಪ ಸಾಕೇ ಎಂದು ಕೇಳಿದೆ.

೨೮ ನವೆಂಬರ್

ಹಿತ್ತಲಿಗೆ ಇಬ್ಬರು ಹೆಂಗಸರು ಬಂದಿದ್ದರು. ಬಾಗೇವಾಡಿ ಬಸ್ಸು ಎಷ್ಟು ಹೊತ್ತಿಗೆ ಎಂದು ಹೇಳಿ ಕಳಿಸಿದೆ. ಹುಳಿ ಚೆನ್ನಾಗಿ ಆಗಿತ್ತು.

೧೯ ಡಿಸೆಂಬರ್

ಸೋಮನಿಂಗ ಕೆಲಸ ಬಿಟ್ಟ. ಗಿರಾಕಿ ಇಲ್ಲದ ಕಡೆ ಕೂತು ಬೆರಳು ಸವೆಯಿತಂತೆ. ಒಂದೇ ಬೆರಳು. ಟೈಪ್‌ರೈಟರು ಬಾಡಿಗೆಯವರು ಒಯ್ದರು.

ಕವದಿ ಹೊಲಿಯುತ್ತಿದ್ದೇನೆ. ಕತ್ತಲಲ್ಲೂ ಸೂಜಿ ಪೋಣಿಸಲು ಬರುತ್ತದೆ ಎಂದು ಅತ್ತೆಗೆ ಆಶ್ಚರ್ಯ.

೨೪ ಜನವರಿ ೧೯೭೯

ಇವರು ಕೋರ್ಟಿನಿಂದ ಬೇಗ ಬಂದರು. ಕರಿ ಕೋಟು ತೆಗೆಯದೆ ಆಫೀಸಿನಲ್ಲಿ ಕೂತರು. ಅತ್ತೆ ಏನಾಯಿತು ಎಂದು ಕೇಳಿದರು.

“ಗುಂಡವ್ವಗ ಜೀವನಾಂಶ ಕೊಡಬೇಕಂತ ಆತು. ಬಾಗೇವಾಡಿ ಮುದುಕ ವಕೀಲ ಬಂದಿದ್ದ. ಸಾಕ್ಷಿ ಇಲ್ಲ ಅಂತ ನಾ ನಿಶ್ಚಿಂತಿ ಇದ್ದೆ. ಒಬ್ಬಾಕಿ ಬಳಿಗಾರ್ತಿನ್ನ ಎಲ್ಲಿಂದ ಹಿಡಕೊಂಡು ಬಂದನೋ. ಕಣ್ಣ ಮುಚ್ಚಿ ಆಕಿ ಕೈ ಗುರ್ತು ಹಿಡೀತೇನಿ ಅಂದಳು. ಮ್ಯಾಜಿಸ್ಟ್ರೇಟರೂ ನಕ್ಕರು. ಅಮೋಘಸಿದ್ಧ ನನ್ನ ಮ್ಯಾಲ ಉರದ ಬಿದ್ದ.”

“ಕೂಲ್ಯಾಕಿ ಅಂತ ಬರದ್ರೋ, ಹೆಂತಿ ಅಂತ ಬರದ್ರೋ?” ಎಂದು ಬಾಗಿಲಲ್ಲಿ ನಿಂತೇ ಕೇಳಿದೆ.

“ಹೆಂತಿ ಅಂತ. ಯಾಕ?”

“ಸುಮ್ಮನ ಕೇಳಿದೆ” ಎಂದು ಒಳಗೆ ಬಂದೆ. ನುಚ್ಚು ತಳ ಹಿಡಿದಿತ್ತು. ಕೆರೆದು ನಾನೇ ಉಂಡೆ, ಸಿಹಿಯಾಗಿತ್ತು.

೧೧ ಫೆಬ್ರವರಿ

ಆಫೀಸು ಹೊಳೆಯುತ್ತದೆ. ಫರಸಿ ದಿನಾ ಒರೆಸುತ್ತೇನೆ, ಗಾಜಿಗೆ ಒಂದು ಕಲೆ ಬಿಟ್ಟಿಲ್ಲ. ಒಳಗೆ ಇವರು ಮತ್ತು ಕನ್ನಡಿಯಲ್ಲಿ ಇವರು, ಬೇರಾರೂ ಇಲ್ಲ. ಹೊತ್ತು ಮುಳುಗಿದ ಮೇಲೆ ಒಬ್ಬಿಬ್ಬರು ಗಂಡಸರು ಗೋಡೆ ಹಿಡಿದುಕೊಂಡು ಬರುತ್ತಾರೆ. ಆ ಮಬ್ಬು ಹೊತ್ತಿನ ಮೇಲೆ ಮನೆ ನಡೆದಿದೆ. ಯಾಕೆ ಅದೇ ಹೊತ್ತಿಗೆ ಬರುತ್ತಾರೆ ಎಂದು ಇವರು ಯೋಚಿಸಿದಂತಿಲ್ಲ.

ಇವತ್ತು ಮಧ್ಯಾಹ್ನ ನನ್ನನ್ನು ಆಫೀಸಿಗೆ ಕರೆದರು. ಕಿಟಕಿ ಕಡೆಯ ಮೇಜು ತೋರಿಸಿ, “ಬೇಕಂತಿದ್ದಿಯಲ್ಲ, ಕುಂದ್ರು. ಇನ್ನ ನಿಂದ” ಎಂದರು.

ಕೂತೆ. ಹಲಗೆಯ ಮೇಲೆ ಸೋಮನಿಂಗನ ಚಹಾ ಬಟ್ಟಲಿನ ಗುರುತು. ಬಿಸಿಲು ಕೈಮೇಲೆ ಬಿತ್ತು. ಚಹಾದಂಗಡಿಯ ಬಾಕಿನವರೆಲ್ಲ ತಿರುಗಿ ನನ್ನನ್ನೇ ನೋಡಿದರು. ಕನ್ನಡಿಯಲ್ಲಿ ಸುಮಾರು ವರ್ಷದ ಮೇಲೆ ನನ್ನ ಮುಖ ಸರಿಯಾಗಿ ನೋಡಿಕೊಂಡೆ, ಬೈತಲೆ ಸೊಟ್ಟ ಇತ್ತು. ನನಗೆ ಅಲ್ಲಿ ಮಾಡಲು ಏನೂ ತೋಚಲಿಲ್ಲ. ಒಲೆಯ ಮೇಲೆ ಬೇಳೆ ಇದೆ ಎಂದು ಎದ್ದೆ.

“ನಿಲ್ಲು” ಎಂದರು. ಅವರ ದನಿ ಇಳಿದಿತ್ತು. “ಶೇವಂತಿ, ಈ ಆಫೀಸಿನ್ಯಾಗ ಏನ ಕಮ್ಮಿ ಆಗೇತಿ? ಖರೇ ಹೇಳು.”

ಹೋದ ಜೂನಿನಲ್ಲಿ ಖರೇ ಹೇಳಿದ್ದೆ.

ನಾಲ್ಕೂ ಗೋಡೆ ನೋಡಿದೆ, ಮಾಳಿಗೆ ನೋಡಿದೆ, ಅಪ್ಪ ಕಲಿಸಿದ ಹಾಗೆ ಒಂದು ಕಣ್ಣು ಮುಚ್ಚಿ ನೋಡಿದೆ. “ಬೆಳಕು ಕಮ್ಮಿ ಆಗೇತ್ರಿ” ಎಂದೆ. “ಹಗಲಾಗ ಅಡ್ಡಿಯಿಲ್ಲ. ಹೊತ್ತು ಮುಳುಗಿದ ಮ್ಯಾಲ ಏನೂ ಕಾಣಂಗಿಲ್ಲ.”

“ಹೌದಲ್ಲ” ಎಂದರು. ನಿಜವಾಗಿ ಯೋಚಿಸಿದರು.

ಕಾಗದ ಎಳೆದುಕೊಂಡು ಅಲ್ಲೇ, ಆ ಮೇಜಿನ ಮೇಲೆ, ನಕಾಶೆ ಹಾಕಿಕೊಟ್ಟೆ. ಬಾಗಿಲ ಮೇಲೆ, ಹೊರಗೆ, ಬೀದಿಗೆ ಮುಖ ಮಾಡಿ ಒಂದು ಉದ್ದ ಟ್ಯೂಬ್‌ಲೈಟು. ಮೆಟ್ಟಿಲ ಮೇಲೆ ನಿಂತವನ ಮುಖಕ್ಕೇ ಬೀಳುವಂತೆ ವಾಲಿಸಿ. ಇಡೀ ಬಜಾರಿನಿಂದ ಕಾಣುತ್ತದೆ. ಅಡುಗೆಮನೆಗೆ ವೈರು ಎಳೆಸಲು ತೆಗೆದಿಟ್ಟ ದುಡ್ಡು ಇದೆ, ಇದಕ್ಕೆ ಸಾಕಾಗುತ್ತದೆ ಎಂದೂ ಹೇಳಿದೆ.

ಇವರು ಕಾಗದವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಗಲೇ ಗೈಬುಸಾಬ ಬೀದಿಯಲ್ಲಿ ಹೋಗುತ್ತಿದ್ದ. ಗಾಜು ಬಡಿದು ಅವನನ್ನು ಒಳಗೆ ಕರೆದರು.

“ನಾಳೆನಽ ಹಾಕಿಸಿಬಿಡು” ಎಂದು ಕಾಗದ ಅವನ ಕೈಗೆ ಕೊಟ್ಟರು. “ನೋಡಿಲ್ಲಿ, ನಮ್ಮಾಕಿ ತಗದದ್ದು. ಈ ಆಫೀಸು ಎಲ್ಲಾ ಆಕಿದಽ ತಲಿ.”